ಕ್ವಾಂಖಿದಾಟ್ಲ್ ಉಪ್ಪು: ಊರಿಗೇ ಹೋಗಿ ತಗೊಳ್ಳಿ, ಅಂಗಡಿ ಪ್ಯಾಕೆಟ್ ಬೇಡ

ಉಪ್ಪಿಗೂ ರಿವ್ಯೂನಾ ಅಂತ ನಗಬೇಡಿ. ರಷ್ಯಾದ ದಾಗೆಸ್ತಾನದ ರಾಜಧಾನಿ ಮಖಚ್ಕಲಾದಲ್ಲಿ ಮೆಡಿಕಲ್ ಓದುವ ನಮ್ಮ ಕಡೆಯ ಹುಡುಗರು "ಆ ಕ್ವಾಂಖಿದಾಟ್ಲ್ ಅನ್ನೋ ಗುಡ್ಡದ ಊರಿನ ಉಪ್ಪು ಹೇಗಿದೆ, ಊರಿಗೆ ಒಯ್ಯಬಹುದಾ" ಅಂತ ಕೇಳುತ್ತಲೇ ಇರುತ್ತಾರೆ, ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲೇ ಬರೆದು ಹಾಕುತ್ತೇನೆ. ನಾನು ಕುಮಟಾ ಕಡೆಯವನು. ಅಲ್ಲೇ ಸಾಣಿಕಟ್ಟೆಯ ಆಗರದಲ್ಲಿ ಸಮುದ್ರದ ನೀರಿನಿಂದ ಮಾಡುವ ಉಪ್ಪು ತಿಂದೇ ಬೆಳೆದವನು. ಉಪ್ಪಿನ ವಿಷಯದಲ್ಲಿ ನನ್ನ ನಾಲಿಗೆ ಸ್ವಲ್ಪ ಜಂಬದ್ದೇ.

ಊರು ಎಲ್ಲಿದೆ ಅಂದರೆ, ದಾಗೆಸ್ತಾನದ ಪಶ್ಚಿಮ ಭಾಗದಲ್ಲಿ, ಬೋಟ್ಲಿಖ್ ಜಿಲ್ಲೆಯಲ್ಲಿ, ಅಂದಿ ಕೊಯ್ಸು ಹೊಳೆಯ ಕಣಿವೆಯಲ್ಲಿ. ಮಖಚ್ಕಲಾದಿಂದ ಬುಯ್ನಾಕ್ಸ್ಕ್ ದಾಟಿ, 4 ಕಿ.ಮೀ.ಗೂ ಉದ್ದದ ಗಿಮ್ರಿ ಸುರಂಗ ಹಾದು, ಆಮೇಲೆ ಹೊಳೆ ಹಿಡಿದುಕೊಂಡೇ ಹೋಗಬೇಕು. ಬೋಳು ಬೆಟ್ಟ, ಕೆಸರು ಬಣ್ಣದ ನೀರು, ನಡುನಡುವೆ ಒಮ್ಮೆಲೇ ಹಸಿರು ತೋಟ. ಶೇರ್ ಟ್ಯಾಕ್ಸಿ ಸಿಗುತ್ತದೆ, ಆದರೆ ಡ್ರೈವರ್‌ಗಳು ಗಾಡಿ ತುಂಬುವ ತನಕ ಅಲ್ಲಾಡುವುದಿಲ್ಲ. ನಮ್ಮೂರ ಟೆಂಪೋ ನೋಡಿದವರಿಗೆ ಇದೇನೂ ಹೊಸದಲ್ಲ ಬಿಡಿ.

ಉಪ್ಪು ಮಾಡುವ ಜಾಗ ನೋಡಲೇಬೇಕು. ಇಲ್ಲಿ ಸಮುದ್ರ ಇಲ್ಲ, ಉಪ್ಪುನೀರು ನೆಲದಿಂದಲೇ ಒರತೆಯಾಗಿ ಬರುತ್ತದೆ. ಅದನ್ನು ಹೊಳೆ ಪಕ್ಕದ ಆಳವಿಲ್ಲದ ಗುಂಡಿಗಳಲ್ಲಿ ತುಂಬಿ ಬಿಸಿಲಿಗೆ ಬಿಡುತ್ತಾರೆ. ಒಂದೊಂದು ಗುಂಡಿಯ ನೀರಿಗೆ ಒಂದೊಂದು ಬಣ್ಣ, ಒಂದು ಬಿಳಿ, ಒಂದು ಕಂದು. ನೀರು ಗಟ್ಟಿಯಾದ ಮೇಲೆ ಒಲೆಗೆ ಹೋಗುತ್ತದೆ. ಸಾಣಿಕಟ್ಟೆಯಲ್ಲಿ ಎಲ್ಲ ಕೆಲಸ ಬಿಸಿಲೇ ಮಾಡಿಕೊಡುತ್ತದೆ, ಇಲ್ಲಿ ಅರ್ಧ ಕೆಲಸ ಸೌದೆಯದು. ಅಗಲವಾದ ತಗಡಿನ ಪಾತ್ರೆಯಲ್ಲಿ ನೀರು ಕುದಿಯುತ್ತಾ ಕುದಿಯುತ್ತಾ ಮೇಲೆ ಹಾಲಿನ ಕೆನೆ ಕಟ್ಟಿದ ಹಾಗೆ ತೆಳ್ಳಗೆ ಉಪ್ಪು ಕಟ್ಟಿ, ಮುರಿದು, ತಳಕ್ಕೆ ಇಳಿಯುತ್ತದೆ. ಅದನ್ನು ಬಳಿದು ಪಕ್ಕಕ್ಕೆ ಗುಡ್ಡೆ ಹಾಕಿ ನೀರು ಬಸಿಯಲು ಬಿಡುತ್ತಾರೆ. ನಾವು ಹೋದಾಗ ಒಲೆ ಮುಂದೆ ಇದ್ದವರು ಒಬ್ಬ ಅಜ್ಜಿ ಮತ್ತು ಅವರ ಸೊಸೆ. ಹೊಗೆಗೆ ಕಣ್ಣು ಕೆಂಪಾಗಿತ್ತು, ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಹಿಂದೆ ಈ ಉಪ್ಪು ಕೊಟ್ಟು ಸುತ್ತಲ ಊರುಗಳಿಂದ ಕಾಳುಕಡಿ ತರುತ್ತಿದ್ದರಂತೆ. ಈಗ ಈ ಕೆಲಸ ಹಿಡಿದಿರುವ ಮನೆಗಳು ಕೆಲವೇ. ಅಂಗಡಿಯಲ್ಲಿ ಫ್ಯಾಕ್ಟರಿ ಉಪ್ಪು ಅಷ್ಟು ಅಗ್ಗಕ್ಕೆ ಸಿಗುವಾಗ ಸೌದೆ ಒಡೆದು, ಇಷ್ಟೊತ್ತು ಒಲೆ ಕಾಯುವವರು ಯಾರು?

ಇನ್ನು ರುಚಿ. ಹರಳು ಸಣ್ಣದು, ಒಂದೇ ಅಳತೆಯದಲ್ಲ, ಬಣ್ಣ ಪೂರ್ತಿ ಬಿಳಿ ಅಲ್ಲ. ಬಾಯಿಗೆ ಹಾಕಿದ ಕೂಡಲೇ ಉಪ್ಪು ಹತ್ತುತ್ತದೆ, ಕೊನೆಗೆ ಒಂದು ಚೂರು ಕಹಿ ಉಳಿಯುತ್ತದೆ. ಗಂಜಿಗೆ, ಮಜ್ಜಿಗೆಗೆ, ತಂಬುಳಿಗೆ ಬಹಳ ಚೆನ್ನಾಗಿ ಹೊಂದಿತು. ಇಲ್ಲಿಯ ದಪ್ಪ ಮೊಸರು ಕಡೆದು ಶುಂಠಿ ಜಜ್ಜಿ ಹಾಕಿ ಈ ಉಪ್ಪು ಸೇರಿಸಿದರೆ ಹಾಸ್ಟೆಲ್‌ನಲ್ಲಿ ಅದೇ ಹಬ್ಬ. ನಿಂಬೆಹಣ್ಣಿನ ಉಪ್ಪಿನಕಾಯಿಗೂ ಹಾಕಿದೆ, ಕೆಡಲಿಲ್ಲ, ಆದರೆ ಆ ಕಹಿ ನಿಂಬೆಯ ಕಹಿ ಜೊತೆ ಸೇರಿ ಸ್ವಲ್ಪ ಜಾಸ್ತಿ ಆಯಿತು. ಉಪ್ಪಿನಕಾಯಿಗೆ ನನ್ನ ಓಟು ಸಾಣಿಕಟ್ಟೆಗೇ. ಚಹಾ ಅಂಗಡಿ ಆಮ್ಲೆಟ್‌ಗೆಲ್ಲ ಇದನ್ನು ಹಾಕುವುದು ಸುಮ್ನೆ ದಂಡ, ಗೊತ್ತೇ ಆಗುವುದಿಲ್ಲ.

ಕೊರತೆ ಇಲ್ಲ ಅಂತ ಅಲ್ಲ. ತಳದಲ್ಲಿ ನುಣ್ಣನೆ ಮಣ್ಣು ಇರುತ್ತದೆ. ನೀರಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ ಬಳಸಿದರೆ ತೊಂದರೆ ಇಲ್ಲ. ತೇವ ಬೇಗ ಎಳೆಯುತ್ತದೆ, ಡಬ್ಬಿಗೆ ನಾಲ್ಕು ಅಕ್ಕಿಕಾಳು ಹಾಕಿಡಿ. ಮುಖ್ಯವಾದ್ದು, ಇದಕ್ಕೆ ಅಯೋಡಿನ್ ಬೆರೆಸಿರುವುದಿಲ್ಲ. ಗುಡ್ಡದ ಸೀಮೆಗಳಲ್ಲಿ ಅಯೋಡಿನ್ ಮೊದಲೇ ಕಡಿಮೆ, ಹಾಗಾಗಿ ದಿನದ ಅಡುಗೆಗೆ ಪೂರ್ತಿ ಇದನ್ನೇ ನಂಬಿಕೊಳ್ಳಬೇಡಿ. ಬಸುರಿಯರು, ಮಕ್ಕಳು ಇರುವ ಮನೆಯಲ್ಲಂತೂ ಬೇಡವೇ ಬೇಡ.

ಈಗ ಅಂಗಡಿ ಪ್ಯಾಕೆಟ್ ಕಥೆ. ನಗರದ ಒಂದು ಅಂಗಡಿಯಲ್ಲಿ, ಹೆಸರು ಬೇಡ, ಇದೇ ಉಪ್ಪು ಅಂತ ಪುಟ್ಟ ಪ್ಯಾಕೆಟ್ ಮಾರುತ್ತಾರೆ. ಊರಲ್ಲಿ ಅಜ್ಜಿ ಒಂದು ಚೀಲಕ್ಕೆ ಕೇಳುವ ದುಡ್ಡು ಇಲ್ಲಿ ಒಂದು ಮುಷ್ಟಿಗೆ. ಮೇಲೆ ಹದ್ದಿನ ಚಿತ್ರ, ಹಿಮದ ಬೆಟ್ಟದ ಚಿತ್ರ, ಕೀಲುನೋವಿಗೆ ಒಳ್ಳೆಯದು, ರಕ್ತದೊತ್ತಡಕ್ಕೆ ಒಳ್ಳೆಯದು ಅಂತ ದೊಡ್ಡ ಪಟ್ಟಿ. ಉಪ್ಪು ತಿಂದು ಬಿಪಿ ಇಳಿಸಿಕೊಂಡವರನ್ನು ನಾನಂತೂ ಯಾವ ವಾರ್ಡಿನಲ್ಲೂ ನೋಡಿಲ್ಲ! ಇಷ್ಟೆಲ್ಲ ಬರೆದವರು ಊರಿನ ಹೆಸರು ಬರೆದಿಲ್ಲ. "ಅವಾರರ ಪುರಾತನ ಉಪ್ಪು" ಅಂತ ಒಂದು ಸಾಲು, ಮುಗಿಯಿತು.

ಅವಾರರು ಅಂದರೆ ದಾಗೆಸ್ತಾನದ ಅತಿ ದೊಡ್ಡ ಜನಾಂಗ, ಅವರ ಭಾಷೆ ಅವಾರ್. ಹಾಗೆ ಬರೆದರೆ ತಪ್ಪೇನು ಅಂತ ಕೇಳಬಹುದು. ಆ ಅಜ್ಜಿ ಮನೆಯಲ್ಲಿ ಆಡುವುದು ಅವಾರ್ ಅಲ್ಲ, ಅಂದಿ ಭಾಷೆ. ಅದರಲ್ಲೂ ಕ್ವಾಂಖಿದಾಟ್ಲ್ ಮತ್ತು ಪಕ್ಕದ ಮುನಿ ಊರಿನ ಅಂದಿಯೇ ಬೇರೆ, ಮೇಲಿನ ಅಂದಿ ಊರುಗಳದ್ದೇ ಬೇರೆ. ಈ ಸೀಮೆಯಲ್ಲಿ ಅಂದಿ, ಬೋಟ್ಲಿಖ್, ಗೊದೊಬೆರಿ, ಕರಾತಾ, ಅಖ್ವಾಖ್, ಬಾಗ್ವಲಾಲ್, ತಿಂದಿ, ಚಮಲಾಲ್ ಅಂತ ಎಂಟು ಭಾಷೆಗಳಿವೆ. ಎಲ್ಲ ಒಂದೇ ಬಳಗದವು, ಆದರೂ ಒಬ್ಬರದು ಇನ್ನೊಬ್ಬರಿಗೆ ಸಲೀಸಾಗಿ ಅರ್ಥ ಆಗುವುದಿಲ್ಲ. ನಮ್ಮ ಡ್ರೈವರ್ ಅಣ್ಣ ಗೊದೊಬೆರಿಯವರು. ಅಜ್ಜಿ ಜೊತೆ ರೇಟು ಮಾತಾಡಿದ್ದು ಅವಾರ್‌ನಲ್ಲಿ, ನಮಗೆ ಹೇಳಿದ್ದು ರಷ್ಯನ್‌ನಲ್ಲಿ, ನಡುವೆ ಹೆಂಡತಿ ಫೋನ್ ಬಂದಾಗ ಗೊದೊಬೆರಿ. ಅಜ್ಜಿ ಸೊಸೆಗೆ ಪಿಸುಗುಟ್ಟಿದ್ದು ಅಂದಿಯಲ್ಲಿ, ಅದು ಡ್ರೈವರ್‌ಗೂ ತಿಳಿಯಲಿಲ್ಲ. ಬಹುಶಃ ರೇಟು ಏರಿಸು ಅಂದಿರಬೇಕು, ಯಾಕಂದರೆ ಏರಿತು.

ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ ನಮ್ಮ ಕುಮಟಾದಲ್ಲೂ ಮಾಮೂಲಿ ಅಲ್ವಾ. ಆದರೆ ಕೊಂಕಣಿಗೆ ಪುಸ್ತಕ ಇದೆ, ಅಕಾಡೆಮಿ ಇದೆ. ಈ ಎಂಟು ಭಾಷೆಯವರ ಮಕ್ಕಳು ಶಾಲೆಯಲ್ಲಿ ಓದುವುದು ರಷ್ಯನ್ ಮತ್ತು ಅವಾರ್, ಮನೆಮಾತು ಮನೆಯಲ್ಲೇ. 1926ರ ಜನಗಣತಿಯಲ್ಲಿ ಇವರನ್ನು ಬೇರೆ ಬೇರೆಯಾಗಿ ಎಣಿಸಿದ್ದರು, ಆಮೇಲೆ ಎಲ್ಲರನ್ನೂ ಅವಾರ್ ಲೆಕ್ಕಕ್ಕೆ ಹಾಕಿದರು. 2002ರಿಂದ ಅವಾರರ ಒಳಗಿನ ಗುಂಪು ಅಂತ ತೋರಿಸುತ್ತಾರೆ. ಆ ಲೆಕ್ಕವೋ ತಮಾಷೆ. ಬೋಟ್ಲಿಖರು 2002ರಲ್ಲಿ 16 ಮಂದಿ, 2010ರಲ್ಲಿ 3,508. ಅಂದಿಯವರು ಅದೇ ಎಂಟು ವರ್ಷದಲ್ಲಿ 21,808 ಇದ್ದದ್ದು 11,789. ಬಾಗ್ವಲಾಲ್ ಅಂತ 2010ರಲ್ಲಿ ಲೆಕ್ಕಕ್ಕೆ ಸಿಕ್ಕವರು ಬರೀ 5 ಜನ, ಭಾಷೆ ಬರುತ್ತದೆ ಅಂದವರು ಮಾತ್ರ ಸಾವಿರಕ್ಕೂ ಮೇಲೆ. ಜನ ಎಲ್ಲೂ ಓಡಿಹೋಗಿಲ್ಲ, ಫಾರಂನಲ್ಲಿ ಹೆಸರು ಬದಲಾಗಿದೆ ಅಷ್ಟೆ. ಅವರಲ್ಲೇ ಅನೇಕರು ತಾವು ಅವಾರರು ಅಂತಲೇ ಹೇಳಿಕೊಳ್ಳುತ್ತಾರೆ, ಅದು ಅವರ ಇಷ್ಟ, ನಾವು ಹೊರಗಿನವರು ಮೂಗು ತೂರಿಸಬೇಕಿಲ್ಲ. ನನ್ನ ತಕರಾರು ಪ್ಯಾಕೆಟ್ ಮಾಡಿದವನ ಮೇಲೆ. ಊರಿನ ಹೆಸರು ಹಾಕಿದ್ದರೆ ಕೊಳ್ಳುವವರು ಹುಡುಕಿಕೊಂಡು ಅಲ್ಲಿಗೇ ಹೋಗುತ್ತಿದ್ದರು, ದುಡ್ಡು ಒಲೆ ಮುಂದೆ ಕೂತವರಿಗೆ ಸೇರುತ್ತಿತ್ತು. ಅದಕ್ಕೇ ಹಾಕಿಲ್ಲವೇನೋ.

ಹಾಗಾಗಿ ಉಪ್ಪಿಗೆ ಐದಕ್ಕೆ ನಾಲ್ಕು, ಅಂಗಡಿ ಪ್ಯಾಕೆಟ್‌ಗೆ ಒಂದು, ಅದೂ ಒಳಗಿರುವುದು ನಿಜವಾಗಿ ಅದೇ ಉಪ್ಪಾಗಿದ್ದರೆ. ಹೋಗುವವರು ಬೇಸಿಗೆಯಲ್ಲೇ ಹೋಗಿ, ಮಳೆ ಬಿದ್ದರೆ ಗುಂಡಿಯ ನೀರು ತೆಳ್ಳಗಾಗಿ ಕೆಲಸ ನಿಲ್ಲುತ್ತದೆ. ಪಾಸ್‌ಪೋರ್ಟ್, ವೀಸಾ ಕಾಗದ ಜೊತೆಗಿರಲಿ. ಫೋಟೋ ತೆಗೆಯುವ ಮುಂಚೆ ಹೆಂಗಸರನ್ನು ಕೇಳಿ, ಬೇಡ ಅಂದರೆ ಒಲೆ, ಪಾತ್ರೆಯ ಫೋಟೋ ಸಾಕು. ನಗದು ಒಯ್ಯಿರಿ, ಚಿಲ್ಲರೆ ಇದ್ದರೆ ಒಳ್ಳೆಯದು. ಮುಚ್ಚಳ ಗಟ್ಟಿ ಇರುವ ಡಬ್ಬಿಯನ್ನೂ ಮರೆಯಬೇಡಿ. ಅಲ್ಲಿ ಕೊಡುವ ಚೀಲದಿಂದ ನೀರು ಸೋರುತ್ತದೆ, ನನ್ನ ಸ್ನೇಹಿತನ ಬ್ಯಾಗಿನಲ್ಲಿದ್ದ ಅನಾಟಮಿ ನೋಟ್ಸ್ ಪೂರ್ತಿ ಉಪ್ಪು ಹಿಡಿದಿದೆ.