ಸಂಘದ ವೆಬ್‌ಸೈಟಿಗೆ ವಿಎಸ್ ಕೋಡ್ ಸಾಕು

ನಮ್ಮೂರ ಯಕ್ಷಗಾನ ಸಂಘಕ್ಕೆ ವೆಬ್‌ಸೈಟ್ ಮಾಡಬೇಕಿತ್ತು, ನನಗೋ ಕೋಡಿಂಗ್‌ನ ಗಂಧಗಾಳಿ ಇಲ್ಲ. ಮೊದಲು ಒಂದು ರೆಡಿಮೇಡ್ ಬಿಲ್ಡರ್ ಹಿಡಿದೆ. ಅರ್ಧ ಗಂಟೆಯಲ್ಲಿ ಪುಟ ಚೆಂದ ಬಂತು, ಆದರೆ ಕೆಳಗೆ ಅವರದೇ ಜಾಹೀರಾತು, ತೆಗೆಯೋಕೆ ದುಡ್ಡು ಕೊಡಬೇಕಂತೆ. ಬಿಟ್ಟೆ.

ಆಮೇಲೆ ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್ ಹಾಕಿಕೊಂಡೆ. ಪುಕ್ಕಟೆ. ಅದಕ್ಕೆ ಲೈವ್ ಸರ್ವರ್ ಅನ್ನೋ ಎಕ್ಸ್‌ಟೆನ್ಷನ್ (ಹೆಚ್ಚುವರಿ ಸೌಲಭ್ಯ) ಸೇರಿಸಿದರೆ, ಇಲ್ಲಿ ಆಟದ ತಾರೀಖು ತಿದ್ದಿ ಸೇವ್ ಒತ್ತಿದ ಕೂಡಲೇ ಪಕ್ಕದ ಬ್ರೌಸರಿನಲ್ಲಿ ಬದಲಾಗುತ್ತದೆ, ಅದನ್ನು ನೋಡೋದೇ ಒಂದು ಖುಷಿ. ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿದೆ, ‘ತಾಳಮದ್ದಳೆ’ಯ ಒತ್ತಕ್ಷರ ಸರಿಯಾಗಿ ಕೂತಿತು.

ಸೈಟನ್ನು ಗಿಟ್‌ಹಬ್ ಪೇಜಸ್ ಅನ್ನೋ ಹೋಸ್ಟಿಂಗ್ ಸೇವೆಯಲ್ಲಿ ಖರ್ಚಿಲ್ಲದೆ ಇಂಟರ್ನೆಟ್‌ಗೆ ಏರಿಸಿದೆ. ಆನ್‌ಲೈನ್ ಅಂಗಡಿ ನಡೆಸೋಕೆ ಅಲ್ಲಿ ಅವಕಾಶ ಇಲ್ಲ, ನೆನಪಿರಲಿ. ವೆಬ್ ಪುಟ ಬರೆಯುವ ಭಾಷೆ ಎಚ್‌ಟಿಎಂಎಲ್ ಕಲಿಯೋಕೆ ನನಗೆ ಎರಡು ವಾರ ಹಿಡಿಯಿತು. ಅಷ್ಟು ತಾಳ್ಮೆ ಇಲ್ಲದವರಿಗೆ ಕೋಡ್ ಬರೆಯದೆ ಸೈಟ್ ಕಟ್ಟಬಹುದಾದ ವರ್ಡ್‌ಪ್ರೆಸ್ಸೇ ವಾಸಿ.