ಟ್ಯಾಕ್ಸ್ ಇಲ್ಲದ ಊರಿನಲ್ಲಿ ಮನೆಗೆ ನೀರು: ಶಿಕಾಗೊ ಮತ್ತು ಡಲ್ಲಾಸ್

"ಟೆಕ್ಸಸ್‌ಗೆ ಬಂದುಬಿಡಿ, ಇಲ್ಲಿ ಸ್ಟೇಟ್ ಟ್ಯಾಕ್ಸ್ ಇಲ್ಲ" ಅಂತ ಯಾರಾದರೂ ಹೇಳಿದರೆ ಅವರ ಆಗಸ್ಟ್ ತಿಂಗಳ ಕರೆಂಟ್ ಬಿಲ್ ಕೇಳಿ. ಆಮೇಲೆ ಮನೆ ತೆರಿಗೆ ಅಂತ ಜನವರಿಯಲ್ಲಿ ಕಟ್ಟಿದ ದುಡ್ಡಿನ ರಸೀದಿ ಕೇಳಿ. ಇನ್ನೂ ಧೈರ್ಯ ಇದ್ದರೆ ಮನೆಯ ಇನ್ಶೂರೆನ್ಸ್ ಎಷ್ಟು ಅಂತ ಕೇಳಿ. ಅಷ್ಟು ಹೊತ್ತಿಗೆ ಅವರೇ ಮಾತು ಬದಲಿಸುತ್ತಾರೆ.

ಮೊದಲು ನನ್ನ ಲೆಕ್ಕ ಹೇಳಿಬಿಡುತ್ತೇನೆ. ನಮ್ಮದು ಒಂದೇ ಸಂಬಳದ ಮನೆ. ಇಬ್ಬರು ಮಕ್ಕಳು. ಗದಗಿನ ಕಡೆ ಅಪ್ಪ ಅವ್ವ ಇದ್ದಾರೆ, ಅವರಿಗೂ ಒಂದಿಷ್ಟು ಕಳಿಸಬೇಕು. ಶಿಕಾಗೊ ಪಕ್ಕದ ನೇಪರ್‌ವಿಲ್‌ನಲ್ಲಿ ಹಲವು ವರ್ಷ ಬಾಡಿಗೆಗೆ ಇದ್ದೆವು. 2020ರಲ್ಲಿ ಟೆಕ್ಸಸ್‌ಗೆ, ಡಲ್ಲಾಸ್‌ನ ಉತ್ತರಕ್ಕಿರುವ ಫ್ರಿಸ್ಕೊಗೆ ಬಂದು ಮನೆ ಕೊಂಡೆವು. ಸ್ಕೂಲ್ ರೇಟಿಂಗ್, ಸರಾಸರಿ ಸಂಬಳ, ಅಪರಾಧದ ಅಂಕಿ ಎಲ್ಲ ನೀವು ಆಗಲೇ ನೋಡಿರುತ್ತೀರಿ. ಅದನ್ನು ಬಿಟ್ಟು, ದಿನಾ ಬದುಕಿದಾಗ ಗೊತ್ತಾಗುವುದನ್ನು ಬರೆಯುತ್ತೇನೆ.

ಶಿಕಾಗೊದಲ್ಲಿ ನನಗೆ ಬಹಳ ಇಷ್ಟವಾಗಿದ್ದು ರೈಲು. ನೇಪರ್‌ವಿಲ್‌ನಿಂದ ಯೂನಿಯನ್ ಸ್ಟೇಷನ್‌ಗೆ ಮೆಟ್ರಾ ಅನ್ನುವ ಉಪನಗರ ರೈಲಿನ ಬಿಎನ್‌ಎಸ್‌ಎಫ್ ಲೈನ್ ಇದೆ. ಎಕ್ಸ್‌ಪ್ರೆಸ್ ಸಿಕ್ಕರೆ ಮುಕ್ಕಾಲು ಗಂಟೆಯೊಳಗೆ ಪೇಟೆಯ ನಡುಮಧ್ಯದಲ್ಲಿ ಇಳಿಯಬಹುದು. ಹಳೆಯ ಉಕ್ಕಿನ, ಎರಡು ಅಂತಸ್ತಿನ ಬೋಗಿಗಳು. ಮೇಲಿನ ಅಂತಸ್ತಿನಲ್ಲಿ ಒಂಟಿ ಸೀಟುಗಳ ಸಾಲು, ಪಕ್ಕದಲ್ಲಿ ಯಾರೂ ಕೂರುವುದಿಲ್ಲ. ನಡುವಿನ ಜಾಗ ಕೆಳಗಿನಿಂದ ಮೇಲಿನವರೆಗೆ ತೆರೆದೇ ಇರುತ್ತದೆ. ಹಾಗಾಗಿ ಕಂಡಕ್ಟರ್ ಮೆಟ್ಟಿಲು ಹತ್ತುವುದೇ ಇಲ್ಲ. ಕೆಳಗಿನಿಂದಲೇ ಕತ್ತೆತ್ತಿ ಮೇಲಿನವರ ಟಿಕೆಟ್ ನೋಡಿ ಮುಂದೆ ಹೋಗುತ್ತಾನೆ. ನಾನು ಫ್ಲಾಸ್ಕ್‌ನ ಮುಚ್ಚಳದಲ್ಲಿ ಚಹಾ ಹಾಕಿಕೊಂಡು ಕಿಟಕಿಗೆ ಒರಗುತ್ತಿದ್ದೆ. ಬೆಳಿಗ್ಗೆ ಆಫೀಸಿನ ವೇಳೆಗೆ 'ಕ್ವಾಯೆಟ್ ಕಾರ್' ಅಂತ ಬೇರೆ ಬೋಗಿಯೇ ಇರುತ್ತದೆ. ಅಲ್ಲಿ ಯಾರಾದರೂ ಫೋನಿನಲ್ಲಿ ಮಾತು ಶುರು ಮಾಡಿದರೆ ಇಡೀ ಬೋಗಿ ತಿರುಗಿ ನೋಡುತ್ತದೆ. ಆ ನೋಟದ ಮುಂದೆ ಯಾರೂ ನಿಲ್ಲಲಾರರು.

ಇಳಿದ ಮೇಲೆ ಆಡಮ್ಸ್ ಬೀದಿ ಹಿಡಿದು ಪೂರ್ವಕ್ಕೆ ನಡಿಗೆ. ಮೊದಲು ನದಿಯ ಸೇತುವೆ. ಊರಿನ ಕೊಳಕು ಕುಡಿಯುವ ನೀರಿನ ಸರೋವರಕ್ಕೆ ಸೇರಬಾರದು ಅಂತ 1900ರಲ್ಲಿ ಈ ನದಿಯ ಹರಿವನ್ನೇ ಹಿಂದಕ್ಕೆ ತಿರುಗಿಸಿದ್ದಾರೆ. ಅದೇ ಬೀದಿ ಮುಗಿಯುವುದು ಆರ್ಟ್ ಇನ್‌ಸ್ಟಿಟ್ಯೂಟ್‌ನ ಎದುರು. 1893ರಲ್ಲಿ ವಿವೇಕಾನಂದರು ಮಾತಾಡಿದ್ದು ಇದೇ ಕಟ್ಟಡದಲ್ಲಿ. ಅದರ ಮುಂದಿನ ಮಿಷಿಗನ್ ಅವೆನ್ಯೂದ ಒಂದಿಷ್ಟು ಭಾಗಕ್ಕೆ ಅವರ ಹೆಸರಿನ ಫಲಕವೂ ಇದೆ. ಊರಿನಿಂದ ಯಾರೇ ಬಂದರೂ ಮೊದಲ ಫೋಟೊ ಅಲ್ಲೇ. ಅಲ್ಲಿಂದ ಇನ್ನೊಂದಿಷ್ಟು ನಡೆದರೆ ಸರೋವರ. ದಂಡೆಯುದ್ದಕ್ಕೂ 18 ಮೈಲಿ ಕಾಲುದಾರಿ ಇದೆ. ಕಾಸಿಲ್ಲ, ಗೇಟಿಲ್ಲ. ಕೋಟ್ಯಧೀಶನ ಅಪಾರ್ಟ್‌ಮೆಂಟಿನ ಮುಂದೆಯೇ ನಮ್ಮ ಚಿತ್ರಾನ್ನದ ಡಬ್ಬಿ ಬಿಚ್ಚಬಹುದು.

ಇನ್ನು ಚಳಿ. 2019ರ ಜನವರಿ 30ರಂದು ಓಹೇರ್ ವಿಮಾನ ನಿಲ್ದಾಣದಲ್ಲಿ ಸೊನ್ನೆಗಿಂತ 31 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯಿತು. ಅಂಥ ದಿನಗಳಲ್ಲಿ ರೈಲು ಹಳಿಯ ಕವಲುಗಳು ಹೆಪ್ಪುಗಟ್ಟದಂತೆ ಪಕ್ಕದಲ್ಲಿ ಗ್ಯಾಸ್ ಉರಿ ಹಚ್ಚಿಡುತ್ತಾರೆ. ದೂರದಿಂದ ನೋಡಿದರೆ ಹಳಿಗೇ ಬೆಂಕಿ ಬಿದ್ದಂತೆ ಕಾಣುತ್ತದೆ. ಆದರೆ ಮನೆಯೊಳಗೆ ನಾವು ಬನಿಯನ್‌ನಲ್ಲೇ ಓಡಾಡಿಕೊಂಡಿದ್ದೆವು. ಮನೆ ಬಿಸಿ ಮಾಡುವ ಫರ್ನೇಸ್ ಒಂದು ಸಲವೂ ಕೈ ಕೊಡಲಿಲ್ಲ. ಹಿಮ ಬಿದ್ದರೆ ಎಲ್ಲರ ಮನೆ ಮುಂದೆಯೂ ಬೀಳುತ್ತದೆ. ಸ್ನೋ ಬ್ಲೋವರ್ ಇದ್ದ ಪಕ್ಕದ ಮನೆಯ ಮುದುಕ ತನ್ನದು ಮುಗಿಸಿ ನಮ್ಮದನ್ನೂ ಎಳೆದುಕೊಡುತ್ತಿದ್ದ. ನಗರದೊಳಗೆ ಇನ್ನೂ ತಮಾಷೆ ಇದೆ. ತಾನು ಹಿಮ ಗೋರಿ ತೆಗೆದ ಪಾರ್ಕಿಂಗ್ ಜಾಗಕ್ಕೆ ಜನ ಹಳೆಯ ಕುರ್ಚಿ ಇಟ್ಟು ಹೋಗುತ್ತಾರೆ. 'ಡಿಬ್ಸ್' ಅಂತ ಅದರ ಹೆಸರು. ಅದು ಕಾನೂನಲ್ಲ. ಆದರೂ ಆ ಕುರ್ಚಿ ಮುಟ್ಟಲು ಜನ ಹೆದರುತ್ತಾರೆ.

ಹಾಗಾದರೆ ಬಿಟ್ಟು ಬಂದಿದ್ದು ಯಾಕೆ? ಕೆಲಸ ಒಂದು ಕಾರಣ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂಕಾಲು, ನಾಲ್ಕೂವರೆಗೆಲ್ಲ ಕತ್ತಲಾಗುವುದು ಹೆಂಡತಿಗೆ ಸಾಕಾಗಿಹೋಗಿತ್ತು, ಅದು ದೊಡ್ಡ ಕಾರಣ. ಶಿಕಾಗೊ ಇರುವ ಇಲಿನಾಯ್ ರಾಜ್ಯದಲ್ಲಿ ಸಂಬಳದಿಂದ ಶೇ 4.95 ರಾಜ್ಯದ ತೆರಿಗೆ ಹೋಗುತ್ತದೆ. ಟೆಕ್ಸಸ್‌ನಲ್ಲಿ ಸೊನ್ನೆ. ಕಾಗದದ ಮೇಲೆ ಬರೆದರೆ ಯಾರಿಗಾದರೂ ಆಸೆಯಾಗುತ್ತದೆ, ಅಲ್ವಾ?

ಶಿಕಾಗೊದಲ್ಲಿ ಕಷ್ಟ ಎಲ್ಲರಿಗೂ ಒಟ್ಟಿಗೆ ಬರುತ್ತದೆ. ಡಲ್ಲಾಸ್‌ನಲ್ಲಿ ಅದು ನಿಮ್ಮೊಬ್ಬರ ಹೆಸರು ಬರೆಸಿಕೊಂಡು, ಕವರಿನಲ್ಲಿ ಬರುತ್ತದೆ. ಇದು ನನ್ನ ಮುಖ್ಯ ದೂರು. ಉಳಿದದ್ದೆಲ್ಲ ಇದರ ವಿವರ.

ಮೊದಲ ಕವರು ಕರೆಂಟಿನದು. ಇಲ್ಲಿ ತಂತಿ ಒಂದು ಕಂಪನಿಯದು, ಕರೆಂಟ್ ಮಾರುವುದು ಬೇರೆ ಕಂಪನಿ. ಮಾರುವವರು ಹತ್ತಾರು ಜನ. 'ಪವರ್ ಟು ಚೂಸ್' ಅಂತ ಸರ್ಕಾರದ್ದೇ ತಾಣ ಇದೆ, ಅದರಲ್ಲಿ ಪ್ಲಾನ್ ಆರಿಸಬೇಕು. ಒಂದರಲ್ಲಿ ರಾತ್ರಿ ಪುಕ್ಕಟೆ, ಹಗಲು ದುಬಾರಿ. ಇನ್ನೊಂದರಲ್ಲಿ ತಿಂಗಳಿಗೆ 1000 ಯೂನಿಟ್ ಮುಟ್ಟಿದರೆ ಬಿಲ್ಲಿನಲ್ಲಿ ದೊಡ್ಡ ಕಡಿತ, 999ಕ್ಕೆ ನಿಂತರೆ ಏನೂ ಇಲ್ಲ. ತಿಂಗಳ ಕೊನೆಗೆ ಮೀಟರ್ ನೋಡಿ, ಇನ್ನೂ ಒಂದಿಷ್ಟು ಬಾಕಿ ಇದ್ದರೆ ಬಟ್ಟೆ ಇಲ್ಲದಿದ್ದರೂ ಡ್ರೈಯರ್ ಸುಮ್ನೆ ತಿರುಗಿಸುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಒಪ್ಪಂದ ಮುಗಿದ ದಿನ ನೀವು ಹೊಸದು ಆರಿಸದಿದ್ದರೆ ತಿಂಗಳಿಂದ ತಿಂಗಳಿಗೆ ಬದಲಾಗುವ ದುಬಾರಿ ದರಕ್ಕೆ ನಿಮ್ಮನ್ನು ತಳ್ಳುತ್ತಾರೆ. ನಮ್ಮ ಕಂಪನಿಯ ನೆನಪಿನ ಪತ್ರ ಬಂದಿದ್ದು ಜಾಹೀರಾತಿನಂತೆ ಕಾಣುವ ಒಂದು ಕಾಗದದಲ್ಲಿ. ನನ್ನ ಹೆಂಡತಿ ಅದನ್ನು ಬಿಡಿಸಿ ಓದಿದ್ದರಿಂದ ಬಚಾವಾದೆವು.

ಎರಡನೆಯದು ಮನೆ ತೆರಿಗೆ. ಶಾಲೆ, ಊರು, ಕೌಂಟಿ, ಕಾಲೇಜು ಎಲ್ಲ ಸೇರಿ ಈ ಕಡೆಯ ಎಷ್ಟೋ ಬಡಾವಣೆಗಳಲ್ಲಿ ಮನೆ ಬೆಲೆಯ ಶೇ 2ರ ಹತ್ತಿರ ಹೋಗುತ್ತದೆ. ಜನವರಿ 31ರೊಳಗೆ ಕಟ್ಟಬೇಕು. ವಾಸದ ಮನೆಗೆ ಹೋಮ್‌ಸ್ಟೆಡ್ ವಿನಾಯಿತಿ ಇದೆ, ಅಂದರೆ ಬೆಲೆಯ ಒಂದಿಷ್ಟು ಭಾಗಕ್ಕೆ ತೆರಿಗೆ ಬೀಳುವುದಿಲ್ಲ. ಶಾಲೆ ತೆರಿಗೆಯಲ್ಲಿ ಅದನ್ನು 2023ರಲ್ಲಿ 40 ಸಾವಿರ ಡಾಲರ್‌ನಿಂದ 1 ಲಕ್ಷಕ್ಕೆ, 2025ರಲ್ಲಿ 1.40 ಲಕ್ಷಕ್ಕೆ ಏರಿಸಿದರು. ಉಪಕಾರ ಆಯಿತು, ಇಲ್ಲ ಅನ್ನುವುದಿಲ್ಲ. ಆದರೂ ಪ್ರತಿ ವರ್ಷ ಕೌಂಟಿಯವರು ಮನೆ ಬೆಲೆ ಏರಿಸಿ ನೋಟಿಸ್ ಕಳಿಸುತ್ತಾರೆ. ನೀವು ಸಾಮಾನ್ಯವಾಗಿ ಮೇ 15ರೊಳಗೆ ತಕರಾರು ಹಾಕಬೇಕು. ನಮ್ಮ ಮನೆ ಅಷ್ಟು ಚೆನ್ನಾಗಿಲ್ಲ, ಅಡುಗೆಮನೆ ಹಳೆಯದು, ಬಿರುಕು ಬಿಟ್ಟಿದೆ ಅಂತ ನಾವೇ ಫೋಟೊ ತೆಗೆದು ವಾದಿಸಬೇಕು. ನ್ಯಾಯವಾಗಿ ಹೇಳಬೇಕೆಂದರೆ ನೇಪರ್‌ವಿಲ್‌ನಲ್ಲೂ ಮನೆ ತೆರಿಗೆ ಕಡಿಮೆಯೇನಲ್ಲ. ಅಲ್ಲಿ ಬಾಡಿಗೆದಾರರಾಗಿದ್ದರಿಂದ ಬಿಸಿ ನೇರವಾಗಿ ತಟ್ಟಲಿಲ್ಲ.

ಇನ್ಶೂರೆನ್ಸ್ ಬಗ್ಗೆ ಒಂದೇ ಮಾತು. ವಸಂತ ಬಂದರೆ ಆಲಿಕಲ್ಲು, ಆಲಿಕಲ್ಲು ಬಿದ್ದರೆ ಚಾವಣಿ ಹಾಳು. ಆಗ ನಿಮ್ಮ ಪಾಲಿನ ಖರ್ಚು ಮನೆಯ ವಿಮೆ ಮೊತ್ತದ ಶೇ 1 ಅಥವಾ 2 ಇರುತ್ತದೆ. 5 ಲಕ್ಷದ ಮನೆಗೆ ಶೇ 2 ಅಂದರೆ ಮೊದಲ 10 ಸಾವಿರ ಡಾಲರ್ ನಿಮ್ಮದೇ ಜೇಬಿನಿಂದ.

2021ರ ಫೆಬ್ರವರಿಯನ್ನು ನಾವು ಯಾರೂ ಮರೆತಿಲ್ಲ. ಶಿಕಾಗೊದವರು ನಗುವಂಥ ಚಳಿ ಅದು, ಸೊನ್ನೆಗಿಂತ 19 ಡಿಗ್ರಿ ಕೆಳಗೆ. ಆದರೆ ಟೆಕ್ಸಸ್‌ನ ಬಹುಪಾಲು ಕರೆಂಟ್ ಜಾಲ ದೇಶದ ಉಳಿದ ಜಾಲಗಳಿಂದ ಬೇರೆ. ಕೇಂದ್ರದ ನಿಯಮ ಬೇಡ ಅಂತ ಹಾಗೆಯೇ ಇಟ್ಟುಕೊಂಡಿದ್ದಾರೆ. ಗ್ಯಾಸ್ ಬಾವಿಗಳು, ಕರೆಂಟ್ ಸ್ಥಾವರಗಳು ಒಟ್ಟೊಟ್ಟಿಗೆ ಹೆಪ್ಪುಗಟ್ಟಿದವು. ಹೊರಗಿನಿಂದ ತರಿಸಿಕೊಳ್ಳೋಣ ಅಂದರೆ ದಾರಿ ಕಡಿಮೆ. ಕರೆಂಟ್ ಹೋಯಿತು. ಮಕ್ಕಳಿಗೆ ಮನೆಯೊಳಗೇ ಶಿಕಾಗೊದ ಕೋಟು ಹಾಕಿಸಿದೆವು. ಇಲ್ಲಿನ ಎಷ್ಟೋ ಮನೆಗಳಲ್ಲಿ ನೀರಿನ ಪೈಪು ಅಟ್ಟದ ಮೇಲೆ ಹಾದುಹೋಗುತ್ತದೆ. ಅದು ಒಡೆದರೆ ಮೊದಲು ಕೆಳಗೆ ಬೀಳುವುದು ಸೀಲಿಂಗು. ಎದುರು ಮನೆಯವರಿಗೆ ಹಾಗೇ ಆಯಿತು.

ಇಷ್ಟು ಬೈದ ಮೇಲೂ ನಾನು ಇಲ್ಲೇ ಇದ್ದೇನೆ. ಅದಕ್ಕೆ ಕಾರಣ ವಿಚಿತ್ರವಾದದ್ದು: ಇಲ್ಲಿನ ಮಣ್ಣು.

ಮನೆ ಕೊಂಡ ಮೊದಲ ಬೇಸಿಗೆಯಲ್ಲಿ ಅಕ್ಕಪಕ್ಕದವರು ಗೋಡೆಯ ಬುಡಕ್ಕೆ ನೀರು ಬಿಡುವುದನ್ನು ನೋಡಿದೆ. ಗಿಡ ಇಲ್ಲ, ಹುಲ್ಲೂ ಒಣಗಿದೆ. ಕೇಳಿದರೆ, "ಮನೆಗೆ ನೀರು ಹಾಕುತ್ತಿದ್ದೇನೆ" ಅಂದರು. ಮನೆಗೆ! ಆಮೇಲೆ ತಿಳಿಯಿತು. ಇಲ್ಲಿ ಬೇಸ್‌ಮೆಂಟ್ ಇರುವುದಿಲ್ಲ. ಶಿಕಾಗೊದಲ್ಲಿ ಚಳಿಗೆ ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ, ಅಂದರೆ 42 ಇಂಚಿಗೆ ತಳಪಾಯ ಹೋಗಲೇಬೇಕು. ಹೇಗೂ ಅಷ್ಟು ಅಗೆದಿದ್ದಾರೆ, ಇನ್ನಷ್ಟು ಅಗೆದು ಕೋಣೆ ಮಾಡಿಕೊಳ್ಳುತ್ತಾರೆ. ಡಲ್ಲಾಸ್‌ನಲ್ಲಿ ನೆಲದ ಮೇಲೆ ಒಂದು ಕಾಂಕ್ರೀಟ್ ಹಾಸು, ಅದರೊಳಗೆ ಬಿಗಿದ ಉಕ್ಕಿನ ಕೇಬಲ್. ಅದರ ಮೇಲೆ ಮನೆ. ಕೆಳಗಿನ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಮನೆಯ ಒಂದು ಮೂಲೆ ಇಳಿದರೆ ಬಾಗಿಲು ಹಾಕಲು ಬರುವುದಿಲ್ಲ.

ಅಪ್ಪ ಇಲ್ಲಿಗೆ ಬಂದಿದ್ದು ಜುಲೈನಲ್ಲಿ. ಹಿತ್ತಲಿನ ಬಿರುಕಿನಲ್ಲಿ ಬೆರಳು ಇಳಿಸಿದರು. ಒಂದು ಹೆಂಟೆ ಎತ್ತಿ ಮುರಿದರು.

"ಇದು ನಮ್ಮ ಎರಿ ಅಲ್ಲೇನಲೇ!"

ಹೌದು, ಎರೆಯೇ, ನಮ್ಮ ಕಡೆಯ ಕಪ್ಪು ಮಣ್ಣು. ಡಲ್ಲಾಸ್‌ನಿಂದ ದಕ್ಷಿಣಕ್ಕೆ ಸ್ಯಾನ್ ಆಂಟೋನಿಯೊ ತನಕ ಹಬ್ಬಿರುವ ಈ ಪಟ್ಟಿಗೆ 'ಬ್ಲ್ಯಾಕ್‌ಲ್ಯಾಂಡ್ ಪ್ರೇರಿ' ಅಂತಲೇ ಹೆಸರು. ಟೆಕ್ಸಸ್‌ನ ರಾಜ್ಯ ಮಣ್ಣಿನ ಹೆಸರು 'ಹ್ಯೂಸ್ಟನ್ ಬ್ಲ್ಯಾಕ್'. ಮಣ್ಣಿನ ಶಾಸ್ತ್ರದವರು ಇದನ್ನೂ ನಮ್ಮ ನರಗುಂದ, ನವಲಗುಂದದ ಎರೆಯನ್ನೂ ವರ್ಟಿಸಾಲ್ ಅನ್ನುವ ಒಂದೇ ಗುಂಪಿಗೆ ಹಾಕುತ್ತಾರೆ.

"ಎರಿ ಮ್ಯಾಲೆ ಮನಿ ಕಟ್ಟೂದಂದ್ರ ಆಟ ಏನು? ಎರಿ ತಗದು ಗರಸು ಹಾಕಿಸಬೇಕಿತ್ತು."

"ಇಲ್ಲಿ ಓಣಿಗೆ ಓಣಿನ ಒಮ್ಮೆಲೆ ಕಟ್ಟತಾರ ಅಪ್ಪ. ನಮ್ಮನ್ಯಾರು ಕೇಳತಾರ?"

ಮರುದಿನದಿಂದ ನೀರು ಬಿಡುವ ಕೆಲಸ ಅವರದಾಯಿತು. ಇದಕ್ಕೆ ಸೋಕರ್ ಹೋಸ್ ಅಂತ ಬರುತ್ತದೆ, ಮೈಯೆಲ್ಲ ಬೆವರುವ ಕಪ್ಪು ಪೈಪು. ಗೋಡೆಗೆ ಅಂಟಿಸಿ ಇಡಬಾರದು, ಒಂದು ಒಂದೂವರೆ ಅಡಿ ಬಿಟ್ಟು ಇಡಬೇಕು. ಬಿರುಕಿಗೇ ನೇರ ನೀರು ಸುರಿದರೆ ಅದು ತಳಕ್ಕೆ ಓಡಿ ಹಾಳು ಮಾಡುತ್ತದೆ. ನಾನು ನಲ್ಲಿಗೆ ಟೈಮರ್ ಹಾಕಿಸಿದ್ದೆ. ಅಪ್ಪ ಅದನ್ನು ಬಿಚ್ಚಿಟ್ಟರು. ಸಂಜೆ ಬಿಸಿಲು ಇಳಿದ ಮೇಲೆ ಬರಿಗಾಲಿನಲ್ಲಿ ಒಂದು ಸುತ್ತು ಹಾಕುತ್ತಿದ್ದರು. ಎಲ್ಲಿ ಹೆಂಟೆ ಪುಡಿಯಾಗುತ್ತದೋ ಅಲ್ಲಿ ಜಾಸ್ತಿ ಹೊತ್ತು, ಎಲ್ಲಿ ಅಂಟುತ್ತದೋ ಅಲ್ಲಿ ಕಡಿಮೆ. ಪಶ್ಚಿಮದ ಮೂಲೆಯಲ್ಲಿರುವ ಓಕ್ ಮರ ನೀರೆಲ್ಲ ಎಳೆಯುತ್ತದೆ ಅಂತ ಮೊದಲು ಹೇಳಿದ್ದು ಅವರೇ. ದುಡ್ಡು ಕೊಟ್ಟು ಕರೆಸಿದ ಎಂಜಿನಿಯರ್ ಆಮೇಲೆ ಬರೆದುಕೊಟ್ಟಿದ್ದೂ ಅದನ್ನೇ.

ಒಂದು ಶನಿವಾರ ವೇಕೋ ಅನ್ನುವ ಊರಿನ ಕಡೆ ಹೋದೆವು. ಹೈವೇ ಪಕ್ಕದಲ್ಲಿ ಹತ್ತಿ, ಅದರಾಚೆ ಜೋಳ. ಇಲ್ಲಿನ ಜೋಳ ಸೊಂಟದೆತ್ತರ ಅಷ್ಟೇ, ಯಂತ್ರ ಕೊಯ್ಯಲಿ ಅಂತ ಗಿಡ್ಡ ತಳಿ. ಕಾಳು ಹೋಗುವುದು ದನದ ಮೇವಿಗೆ, ಎಥನಾಲ್‌ಗೆ. ದನಕ್ಕೆ ಹಾಕಲು ಉದ್ದನೆಯ ದಂಟು (ಕಣಕಿ) ಸಿಗದ ಜೋಳ ಅಪ್ಪನಿಗೆ ಹಿಡಿಸಲಿಲ್ಲ. "ಕಣಕಿನ ಇಲ್ಲದ ಜೋಳ ತಗೊಂಡು ಏನ್ ಮಾಡತಾರ?" ಅಂದರು. ಆದರೆ ಗಾಡಿಯಿಂದ ಇಳಿದು ಬದುವಿನ ಮೇಲೆ ಬಹಳ ಹೊತ್ತು ನಿಂತಿದ್ದರು. ಶಿಕಾಗೊಗೆ ಬಂದಿದ್ದಾಗ ಇದೇ ಮನುಷ್ಯ, ಎಷ್ಟು ಎತ್ತರದ ಕಟ್ಟಡ ತೋರಿಸಿದರೂ "ಛಲೋ ಐತಿ" ಅಂದು ಸುಮ್ಮನಾಗುತ್ತಿದ್ದರು.

ಆ ಬೇಸಿಗೆಯ ನಂತರ ಡಲ್ಲಾಸ್ ಮೇಲಿನ ನನ್ನ ಸಿಟ್ಟು ಅರ್ಧ ಇಳಿದಿದೆ. ಬಿಲ್ಲುಗಳೇನೂ ಇಳಿದಿಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಎಷ್ಟೋ ಸಂಜೆ ಹೊರಗೆ ಕೂರಬಹುದು. ಏಪ್ರಿಲ್ ಹೊತ್ತಿಗೆ ರಸ್ತೆ ಬದಿಯಲ್ಲಿ ಬ್ಲೂಬಾನೆಟ್ ಹೂವು. ಕನ್ನಡದವರು ಶಿಕಾಗೊದಲ್ಲೂ ಇದ್ದಾರೆ, ವಿದ್ಯಾರಣ್ಯ ಕನ್ನಡ ಕೂಟ ಹಳೆಯದು. ಇಲ್ಲಿ ಮಲ್ಲಿಗೆ ಕನ್ನಡ ಸಂಘ ಇದೆ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ'ದ 2018ರ ಸಮ್ಮೇಳನವೂ ಇಲ್ಲೇ ಆಗಿತ್ತು. ಫ್ರಿಸ್ಕೊದಲ್ಲಿ 2000ರಲ್ಲಿ 33 ಸಾವಿರ ಜನ ಇದ್ದರು, 2020ರಲ್ಲಿ 2 ಲಕ್ಷ. ಬಂದವರೆಲ್ಲ ಹೊಸಬರೇ, ಹಾಗಾಗಿ ಪರಿಚಯ ಬೇಗ ಆಗುತ್ತದೆ. ನಡಿಗೆ ಮಾತ್ರ ಸತ್ತಿದೆ. ಕಾಲುದಾರಿ ಚೆನ್ನಾಗಿಯೇ ಇದೆ, ಅದು ಎಲ್ಲಿಗೂ ಹೋಗುವುದಿಲ್ಲ ಅಷ್ಟೇ. ಕೊತ್ತಂಬರಿಗೂ ಕಾರು ತೆಗೆಯಬೇಕು. ಬೇಗ ಹೋಗಬೇಕೆಂದರೆ ಟೋಲ್ ರಸ್ತೆ. ಡಲ್ಲಾಸ್‌ನ ಡಾರ್ಟ್ ರೈಲು ಫ್ರಿಸ್ಕೊ ತನಕ ಬರುವುದಿಲ್ಲ.

ನಿಮ್ಮ ಕೆಲಸ ಶಿಕಾಗೊ ಪೇಟೆಯ ನಡುಭಾಗವಾದ ಲೂಪ್‌ನ ಸುತ್ತಮುತ್ತ ಇದ್ದು, ಬಾಡಿಗೆ ಮನೆಯಲ್ಲಿರಲು ಬೇಜಾರಿಲ್ಲದಿದ್ದರೆ ಶಿಕಾಗೊ ಬಿಡಬೇಡಿ. ಸ್ವಂತ ಮನೆ, ಹಿತ್ತಲು ಬೇಕೇಬೇಕು, ಜೊತೆಗೆ ಬಿಲ್ಲುಗಳ ಹಿಂದೆ ಬೀಳುವ ತಾಳ್ಮೆ ಇದೆ ಅಂದರೆ ಡಲ್ಲಾಸ್‌ಗೆ ಬನ್ನಿ. ಮನೆ ನೋಡಲು ಮಾತ್ರ ಆಗಸ್ಟ್‌ನಲ್ಲೇ ಬನ್ನಿ. ಏಪ್ರಿಲ್‌ನಲ್ಲಿ ಮಣ್ಣು ಉಬ್ಬಿರುತ್ತದೆ, ಎಲ್ಲ ಬಿರುಕೂ ಮುಚ್ಚಿರುತ್ತದೆ. ಪ್ರತಿ ಬಾಗಿಲನ್ನೂ ಹಾಕಿ ತೆಗೆದು ನೋಡಿ. ಬಾಗಿಲಿನ ಮೇಲ್ಮೂಲೆಯಿಂದ ಓರೆಯಾಗಿ ಏರುವ ಗೆರೆ ಇದೆಯೇ, ಹೊಸ ಬಣ್ಣ ಅಲ್ಲಿ ಮಾತ್ರ ಬಳಿದಿದ್ದಾರೆಯೇ ನೋಡಿ. ಮಾರುವವರು ಮನೆಯ ದೋಷ ತಿಳಿಸಿ ಕೊಡುವ ಡಿಸ್‌ಕ್ಲೋಷರ್ ಕಾಗದದಲ್ಲಿ ತಳಪಾಯ ರಿಪೇರಿಯ ಸಾಲು ಹುಡುಕಿ. ಪಿಯರ್, ಅಂದರೆ ಮನೆಯನ್ನು ಎತ್ತಿ ಹಿಡಿಯಲು ತಳಪಾಯದ ಕೆಳಗೆ ಇಳಿಸುವ ಕಂಬ ಹಾಕಿಸಿದ್ದಾರೆ ಅಂತಿದ್ದರೆ, ಅದರ ವಾರಂಟಿ ನಿಮ್ಮ ಹೆಸರಿಗೆ ವರ್ಗವಾಗುತ್ತದೆಯೇ ಅಂತ ಸಹಿ ಹಾಕುವ ಮೊದಲು ಬರಹದಲ್ಲಿ ತರಿಸಿಕೊಳ್ಳಿ.