ಹಳೆಯ ಕನ್ನಡ ಕಡತಗಳಿರುವ ಕಂಪ್ಯೂಟರಿಗೆ ಹೊಸ ಓಎಸ್ ಹಾಕಿಸುವವರ ಗಮನಕ್ಕೆ

ನುಡಿ, ಬರಹ ಅಥವಾ ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಮಾಡಿದ ಹಳೆಯ ಕಡತಗಳು ನಿಮ್ಮ ಕಂಪ್ಯೂಟರಿನಲ್ಲಿದ್ದು, ವಿಂಡೋಸ್ 10ರ ಕಾಲ ಮುಗಿಯಿತೆಂಬ ಕಾರಣಕ್ಕೆ ಅದನ್ನು ತೆಗೆಸಿ ಬೇರೆ ಓಎಸ್ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಹಾಕಿಸುವ ಆಲೋಚನೆಯಲ್ಲಿ ನೀವಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಮಾಡುವ ಮುದ್ರಣಾಲಯದಲ್ಲಿ ಲಗ್ನಪತ್ರಿಕೆಗಳ ಹಂಗಾಮು ಶುರುವಾಗುವ ಹೊತ್ತಿಗೆ ಸರಿಯಾಗಿ ಎರಡು ಕಂಪ್ಯೂಟರುಗಳಲ್ಲಿದ್ದ ವರ್ಷಗಳ ಕೆಲಸ ಅಳಿಸಿಹೋಯಿತು. ವಿಂಡೋಸ್ ಮೇಲೋ, ಉಚಿತವಾಗಿ ಸಿಗುವ ಓಎಸ್ ಆದ ಲಿನಕ್ಸ್ ಮೇಲೋ ಎಂದು ನಮ್ಮ ಮೇಜಿನ ಮುಂದೆ ಕುಳಿತು ವಾದಿಸಿದವರಲ್ಲಿ ಒಬ್ಬರಿಗಾದರೂ, ಈ ಕಡತಗಳು ಎಂಥವು, ಯಾವ ಡಿಸ್ಕಿನಲ್ಲಿವೆ, ಇವುಗಳ ಪ್ರತಿ ಬೇರೆಲ್ಲಾದರೂ ಇದೆಯೇ ಎಂದು ಕೇಳಬೇಕೆನಿಸಲಿಲ್ಲ.

ವಿಂಡೋಸ್ 10ಕ್ಕೆ ಭದ್ರತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ನಮ್ಮ ಮೂರು ಕಂಪ್ಯೂಟರುಗಳೂ ಇಂಟೆಲ್‌ನ ಆರನೆಯ, ಏಳನೆಯ ತಲೆಮಾರಿನವು. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನು ಮತ್ತು ಹೆಚ್ಚುಕಡಿಮೆ ಎಂಟನೆಯ ತಲೆಮಾರಿನ ನಂತರದ ಪ್ರೊಸೆಸರನ್ನು. ಹಾಗಾಗಿ ಕಂಪ್ಯೂಟರ್ ಮಾರುವವರು ಬಂದು, "ಮೂರನ್ನೂ ಗುಜರಿಗೆ ಹಾಕಿ ಸಾರ್, ಹೊಸದು ತಗೊಳ್ಳಿ, ಹತ್ತು ವರ್ಷ ತಿರುಗಿ ನೋಡಬೇಕಾಗಿಲ್ಲ" ಎಂದರು. ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿರುವ, ಮುದ್ರಣಾಲಯದ ಯಜಮಾನರ ಅಕ್ಕನ ಮಗ ದೀಪಾವಳಿಗೆ ಊರಿಗೆ ಬಂದವನು, "ಮಾವ, ಚೆನ್ನಾಗಿ ಓಡ್ತಿರೋ ಯಂತ್ರನ ಯಾಕೆ ಬಿಸಾಕ್ತೀರಿ, ಲಿನಕ್ಸ್ ಹಾಕಿಸಿ, ಒಂದು ರೂಪಾಯಿ ಖರ್ಚಿಲ್ಲ" ಎಂದ. ಪುಸ್ತಕಗಳ ಮುಖಪುಟ ಮಾಡಿಕೊಡುವ ಕಲಾವಿದರೊಬ್ಬರು ಇಬ್ಬರನ್ನೂ ತಳ್ಳಿಹಾಕಿ ಮ್ಯಾಕ್ ಬಿಟ್ಟರೆ ಬೇರೆ ಕಂಪ್ಯೂಟರೇ ಇಲ್ಲ ಎಂದರು. ಅವರ ಮಾತಿಗೆ ನಮ್ಮಲ್ಲಿ ಬೆಲೆ ಬರಲಿಲ್ಲ, ಏಕೆಂದರೆ ಮ್ಯಾಕಿನ ಬೆಲೆ ಕೇಳಿಯೇ ಯಜಮಾನರು ಎದ್ದು ಹೋದರು.

ನ್ಯಾಯವಾಗಿ ಹೇಳಬೇಕೆಂದರೆ ಯಾರೂ ಸುಳ್ಳು ಹೇಳಿರಲಿಲ್ಲ. ಲಿನಕ್ಸಿನ ಒಂದು ರೂಪವಾದ ಉಬುಂಟು 24.04 ಅಥವಾ ಅದರ ಮೇಲೆ ಕಟ್ಟಿದ ಲಿನಕ್ಸ್ ಮಿಂಟ್ 22 ಹಾಕಿದರೆ ಹಳೆಯ ಕಂಪ್ಯೂಟರಿಗೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ ಎಂಬುದು ನಿಜ. ಇವತ್ತಿನ ಯೂನಿಕೋಡ್ ಕನ್ನಡ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆಗಿರುವ ಅಕ್ಷರ ಸಂಕೇತ) ಅದರಲ್ಲಿ ಸೊಗಸಾಗಿ ಮೂಡುತ್ತದೆ, ನುಡಿಯಲ್ಲಿ ಬಳಸುವ ಕೆಜಿಪಿ ಕೀಲಿಮಣೆ ವಿನ್ಯಾಸವೂ ಸಿಗುತ್ತದೆ. ಕನ್ನಡ ಡಿಟಿಪಿಯವರು ಬಳಸುವ ಹಳೆಯ ತಂತ್ರಾಂಶಗಳು ಹೆಚ್ಚಾಗಿ ವಿಂಡೋಸ್‌ನವು ಎಂಬುದೂ ನಿಜ. ಆದರೆ ಇಂಥ ವಾದ ಒಮ್ಮೆ ಹತ್ತಿಕೊಂಡರೆ ವೈರಸ್, ವೇಗ, ಸ್ವಾತಂತ್ರ್ಯ, ಅಂದಚಂದ ಎಂದು ಎಲ್ಲ ಕಡೆ ಸುತ್ತುತ್ತದೆಯೇ ಹೊರತು, ಬೆಳಗ್ಗೆ ಹತ್ತು ಗಂಟೆಗೆ ಆ ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳುವವರು ಏನನ್ನು ತೆರೆಯುತ್ತಾರೆ ಎಂಬಲ್ಲಿಗೆ ಬರುವುದೇ ಇಲ್ಲ. ನಾನು ತೆರೆಯುವುದು ಪೇಜ್‌ಮೇಕರ್ 7 ಎಂಬ ಪುಟವಿನ್ಯಾಸದ ತಂತ್ರಾಂಶ. ಅದು 2001ರಲ್ಲಿ ಬಂದದ್ದು, ಅದರ ನಂತರದ ಆವೃತ್ತಿ ಬರಲೇ ಇಲ್ಲ, ಯೂನಿಕೋಡ್ ಕನ್ನಡ ಅದಕ್ಕೆ ಗೊತ್ತಿಲ್ಲ. ಹಾಗಿದ್ದರೂ ಊರೂರಿನ ಮುದ್ರಣಾಲಯಗಳಲ್ಲಿ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ ಇವತ್ತಿಗೂ ಅದರಲ್ಲೇ ಆಗುತ್ತವೆ.

ಇಲ್ಲಿಯೇ ಹಳೆಯ ಕನ್ನಡ ಕಡತದ ಸ್ವಭಾವವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಎಂಜಿನಿಯರುಗಳಿಗೂ ಇದು ಗೊತ್ತಿರುವುದಿಲ್ಲ. ನುಡಿಯ ಹಳೆಯ ಫಾಂಟಿನಲ್ಲಿ ಮಾಡಿದ ಕಡತದೊಳಗೆ ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಇಲ್ಲ. 'ಕನ್ನಡ' ಎಂಬ ಪದವನ್ನು ತೆಗೆದುಕೊಂಡರೆ, ಅದರಲ್ಲಿ ಶೇಖರವಾಗಿರುವುದು ಇಂಗ್ಲಿಷಿನ ದೊಡ್ಡ ಪಿ ಅಕ್ಷರ, ನೆತ್ತಿಯ ಮೇಲೆ ಓರೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಚಿಕ್ಕ ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ. ಫಾಂಟು ಪಿ ಇರುವಲ್ಲಿ ತಲೆಕಟ್ಟಿಲ್ಲದ 'ಕ'ದ ಒಡಲನ್ನು ಬರೆಯುತ್ತದೆ, ಗೀಟಿನ ಎ ಇರುವಲ್ಲಿ ತಲೆಕಟ್ಟನ್ನು ಎಳೆಯುತ್ತದೆ, ಜರ್ಮನ್ ಅಕ್ಷರವಿರುವಲ್ಲಿ 'ನ'ದ ಒತ್ತನ್ನು ಇಡುತ್ತದೆ. ಫಾಂಟು ತೆಗೆದರೆ ತೆರೆಯ ತುಂಬ ಪೌಂಡುಗಳೂ ಗೀಟುಗಳೂ ಮಾತ್ರ. ಬರಹ, ಶ್ರೀಲಿಪಿಗಳ ಹಳೆಯ ಕಡತಗಳ ಸಂಗತಿಯೂ ಇದೇ, ಆದರೆ ಒಂದೊಂದರ ಸಂಕೇತ ಒಂದೊಂದು ಬಗೆ. ಅಂದರೆ ಕಡತವೊಂದು ಉಳಿದರೆ ಸಾಲದು. ಅದರ ಫಾಂಟು, ಅದನ್ನು ಟೈಪು ಮಾಡುವ ತಂತ್ರಾಂಶ, ಪುಟವಿನ್ಯಾಸದ ತಂತ್ರಾಂಶ ಎಲ್ಲವೂ ಒಟ್ಟಿಗೆ ಉಳಿಯಬೇಕು.

ಕೊನೆಗೆ ಯಜಮಾನರಿಗೆ ಹಿಡಿಸಿದ್ದು ಖರ್ಚಿಲ್ಲದ ದಾರಿ. ಅಳಿಯ ಬೆಂಗಳೂರಿಗೆ ಹೊರಟುಹೋಗಿದ್ದರಿಂದ ಪಟ್ಟಣದ ರಿಪೇರಿ ಅಂಗಡಿಯೊಂದಕ್ಕೆ ಹೇಳಲಾಯಿತು. ನಾನು ಬಂದವರಿಗೆ ಕಡತಗಳ ಬಗ್ಗೆ ಹೇಳಿದಾಗ, "ಎಲ್ಲಾ ಡಿ ಡ್ರೈವಲ್ಲಿದೆ ಅಲ್ವಾ ಮೇಡಂ, ಡಿಗೆ ಏನೂ ಆಗಲ್ಲ" ಎಂಬ ಉತ್ತರ ಬಂತು. ಈ ಮಾತನ್ನು ನೀವೂ ಕೇಳಿರುತ್ತೀರಿ, ಮತ್ತು ಇಪ್ಪತ್ತು ವರ್ಷಗಳಿಂದ ಇದು ಬಹುಮಟ್ಟಿಗೆ ಸರಿಯಾಗಿಯೂ ಇತ್ತು. ನಮ್ಮ ಕಡೆ ಒಂದೇ ಡಿಸ್ಕನ್ನು ಸಿ, ಡಿ, ಇ ಎಂದು ಭಾಗ ಮಾಡಿಕೊಡುವುದು ವಾಡಿಕೆ. ವಿಂಡೋಸ್ ಕೆಟ್ಟಾಗ ಸಿಯನ್ನು ಮಾತ್ರ ಫಾರ್ಮ್ಯಾಟ್ ಮಾಡಿ ಮತ್ತೆ ವಿಂಡೋಸ್ ಹಾಕಿದರೆ ಡಿಯಲ್ಲಿದ್ದದ್ದು ಹಾಗೆಯೇ ಉಳಿಯುತ್ತಿತ್ತು. ಲಿನಕ್ಸ್ ಹಾಕುವಾಗ ಮಾತ್ರ ಸಿ, ಡಿ ಎಂಬ ಹೆಸರುಗಳೇ ಕಾಣುವುದಿಲ್ಲ. ಡಿಸ್ಕನ್ನು ಪೂರ್ತಿ ಅಳಿಸಿ ಸ್ಥಾಪಿಸಲೇ ಎಂದು ಅದು ಕೇಳುತ್ತದೆ, ಹಾಗೆಂದರೆ ಇಡೀ ಡಿಸ್ಕು, ಡಿಯೂ ಅದರೊಳಗೇ ಸೇರಿತು. ಬಂದವರು ಅದನ್ನೇ ಒತ್ತಿದರು. ಎಚ್ಚರಿಕೆಯ ಸಾಲು ತೆರೆಯ ಮೇಲೆ ಬರುತ್ತದೆ, ಆದರೆ ವಿಂಡೋಸನ್ನು ನೂರು ಸಲ ಹಾಕಿ ಕೈ ಪಳಗಿದವರು ಅಂಥ ಸಾಲುಗಳನ್ನು ಓದುವುದನ್ನು ಬಿಟ್ಟು ಎಷ್ಟೋ ಕಾಲವಾಗಿರುತ್ತದೆ.

ಊಟ ಮುಗಿಸಿ ಬರುವಷ್ಟರಲ್ಲಿ ಎರಡು ಕಂಪ್ಯೂಟರುಗಳ ಕೆಲಸ ಮುಗಿದಿತ್ತು. ಹೊಸ ಪರದೆ ಚೆನ್ನಾಗಿಯೇ ಕಾಣುತ್ತಿತ್ತು. ಡಿ ಡ್ರೈವ್ ಎಲ್ಲಿ ಎಂದು ಕೇಳಿದಾಗ ಅವರು ಅದನ್ನು ಹುಡುಕತೊಡಗಿದರು. ಮೂರನೆಯ ಕಂಪ್ಯೂಟರಿನಲ್ಲಿ ಆ ಹೊತ್ತು ಬಿಲ್ ಮಾಡುವ ಕೆಲಸ ನಡೆಯುತ್ತಿದ್ದರಿಂದ ಅದೊಂದು ಉಳಿದುಕೊಂಡಿತು.

ಹೋದದ್ದನ್ನು ಮರಳಿ ತರುವ ಪ್ರಯತ್ನದಲ್ಲಿ ತಿಳಿದ ಒಂದು ಸಂಗತಿಯನ್ನು ಎಲ್ಲರೂ ನೆನಪಿಡಬೇಕು. ಹಳೆಯ ಬಗೆಯ ತಿರುಗುವ ಹಾರ್ಡ್ ಡಿಸ್ಕ್ ಇದ್ದ ಕಂಪ್ಯೂಟರಿನಿಂದ ಫೋಟೊರೆಕ್ ಎಂಬ ಉಚಿತ ತಂತ್ರಾಂಶದ ಮೂಲಕ ಒಂದಿಷ್ಟು ಕಡತಗಳು ಸಿಕ್ಕವು. ಆದರೆ ಅದು ಕಡತದ ಒಡಲನ್ನು ಗುರುತಿಸಿ ತೆಗೆಯುತ್ತದೆಯೇ ಹೊರತು ಹೆಸರನ್ನು ತರುವುದಿಲ್ಲ. ಎಲ್ಲವೂ ಎಫ್ ಅಕ್ಷರ ಮತ್ತು ಅದರ ಮುಂದೆ ಉದ್ದನೆಯ ಸಂಖ್ಯೆಯ ಹೆಸರಿನಲ್ಲಿ ಬಂದು ಬೀಳುತ್ತವೆ. ಯಾರ ಮನೆಯ ಗೃಹಪ್ರವೇಶ, ಯಾವ ಸಂಘದ ಅಢಾವೆ ಪತ್ರಿಕೆ ಎಂದು ಒಂದೊಂದನ್ನೇ ತೆರೆದು ನೋಡಬೇಕು. ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್ಪುಗಳ ಡಿಸ್ಕ್) ಇದ್ದ ಇನ್ನೊಂದರಿಂದ ಏನೂ ಸಿಗಲಿಲ್ಲ. ಲಿನಕ್ಸ್ ತನ್ನ ಕಡತ ವ್ಯವಸ್ಥೆಯನ್ನು ಸಿದ್ಧಪಡಿಸುವಾಗ, ಇಲ್ಲಿರುವುದೆಲ್ಲ ಬೇಡವಾದದ್ದು ಎಂದು ಎಸ್‌ಎಸ್‌ಡಿಗೆ ಸೂಚನೆ ಕೊಡುತ್ತದೆ, ಎಸ್‌ಎಸ್‌ಡಿ ಅದನ್ನು ನಿಜಕ್ಕೂ ಖಾಲಿ ಮಾಡುತ್ತದೆ. ವೇಗಕ್ಕೆಂದು ಹಾಕಿಸಿದ ಎಸ್‌ಎಸ್‌ಡಿಯಲ್ಲಿ ಅಳಿಸಿದ್ದು ಅಳಿಸಿದ್ದೇ ಎಂದು ಮಾರುವವರು ಯಾರೂ ಹೇಳುವುದಿಲ್ಲ. ಮುದ್ರಣಕ್ಕೆ ಕಳುಹಿಸಿದ ಪಿಡಿಎಫ್‌ಗಳು ಬೇರೆ ಡಿಸ್ಕಿನಲ್ಲಿದ್ದವು. ಆದರೆ ಪಿಡಿಎಫ್‌ನಲ್ಲಿ ಮದುಮಗಳ ಹೆಸರನ್ನು ಬದಲಿಸಿ ಮುಂದಿನ ಪತ್ರಿಕೆ ಮಾಡುವುದಕ್ಕೆ ಆಗುವುದಿಲ್ಲವಲ್ಲ.

ಅಳಿಯ ಫೋನಿನಲ್ಲೇ ಪಾಪ ಬಹಳ ಸಹಾಯ ಮಾಡಿದ. ಫಾಂಟುಗಳನ್ನು ಮೂರನೆಯ ಕಂಪ್ಯೂಟರಿನಿಂದ ತಂದು ಲಿನಕ್ಸಿಗೆ ಸೇರಿಸಿದಾಗ, ಸಿಕ್ಕಿದ್ದ ವರ್ಡ್ ಕಡತಗಳು ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ಕನ್ನಡವಾಗಿಯೇ ಕಂಡವು. ಪೇಜ್‌ಮೇಕರ್ ಕಡತಗಳನ್ನೂ ಲಿಬ್ರೆ ಆಫೀಸ್ ಡ್ರಾ ತೆರೆಯಿತು, ಆದರೆ ಅಂಚು, ಸಾಲಿನ ಅಂತರ, ಚೌಕಟ್ಟು ಎಲ್ಲವೂ ಅತ್ತಿತ್ತ ಸರಿದು, ಗಿರಾಕಿಗೆ ತೋರಿಸುವ ಸ್ಥಿತಿಯಲ್ಲಿರಲಿಲ್ಲ. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸಿನಲ್ಲಿ ಓಡಿಸುವ ವೈನ್‌ನ ಮೂಲಕ ಪೇಜ್‌ಮೇಕರ್ ತೆರೆದುಕೊಂಡಿತಾದರೂ, ನಮ್ಮಲ್ಲಿ ಹಳೆಯ ಕೀಲಿಮಣೆ ತಂತ್ರಾಂಶ ಅದರೊಳಗೆ ಕನ್ನಡ ಮೂಡಿಸಲಿಲ್ಲ. ಇದನ್ನು ಯಾರ ತಪ್ಪೆಂದೂ ಹೇಳಲಾಗದು. ಒಂದು ವ್ಯವಸ್ಥೆಗೆಂದು ಬರೆದದ್ದು ಇನ್ನೊಂದರಲ್ಲಿ ಓಡಲೇಬೇಕೆಂದು ಯಾರೂ ಮಾತು ಕೊಟ್ಟಿರಲಿಲ್ಲ.

ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿದರೆ ಮುಗಿಯಿತು ಎಂಬ ಸಲಹೆ ಅನೇಕರಿಂದ ಬಂತು, ಮತ್ತು ದೀರ್ಘಕಾಲಕ್ಕೆ ಅದೇ ಸರಿಯಾದ ದಾರಿ ಎಂದು ನಾನೂ ಒಪ್ಪುತ್ತೇನೆ. ಆದರೆ ಪರಿವರ್ತಕದಿಂದ ಹೊರಬಂದದ್ದನ್ನು ಕಣ್ಣಿಟ್ಟು ಓದದೆ ಮುದ್ರಣಕ್ಕೆ ಕೊಡಬೇಡಿ. ಹಳೆಯ ಸಂಕೇತದಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಒತ್ತಕ್ಷರದ ಜೊತೆ ದೀರ್ಘವಿರುವಲ್ಲಿ ಕೆಲವು ಪರಿವರ್ತಕಗಳು ಎಡವುತ್ತವೆ. ಇದಕ್ಕಿಂತ ಕಾಟ ಕೊಡುವುದು ಕಡತದ ನಡುವಿನ ಇಂಗ್ಲಿಷ್ ಪದಗಳು. ಫಾಂಟನ್ನು ಗಮನಿಸದೆ ಬರೀ ಪಠ್ಯವನ್ನು ಪರಿವರ್ತಿಸುವ ಸಾಧನವು ಇಂಗ್ಲಿಷಿನ ಪಿಯನ್ನೂ 'ಕ' ಎಂದೇ ತಿಳಿದು, ಬ್ಯಾಂಕಿನ ಹೆಸರು, ಇಮೇಲ್ ವಿಳಾಸ ಎಲ್ಲವನ್ನೂ ಅರ್ಥವಿಲ್ಲದ ಕನ್ನಡ ಮಾಡಿಟ್ಟಿರುತ್ತದೆ.

ನಮ್ಮ ಪಾಡು ನೋಡಿ ಬೇರೆ ದಾರಿ ಹಿಡಿದವರ ಅನುಭವವನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಹಳೆಯ ಕಂಪ್ಯೂಟರಿಗೇ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುವ ಅಂಗಡಿಗಳಿವೆ. ಹಾರ್ಡ್‌ವೇರ್ ಪರೀಕ್ಷೆಯನ್ನು ತಪ್ಪಿಸಿ ಹಾಕಿದ ಕಂಪ್ಯೂಟರಿಗೆ ಅಪ್‌ಡೇಟ್ ಸಿಗುವ ಖಾತರಿಯಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿಯೇ ಹೇಳಿದೆ, ಜೊತೆಗೆ ಅಂಥ ಅಂಗಡಿಗಳು ಪರವಾನಗಿಗೆ ಬದಲಾಗಿ ಎಲ್ಲಿಂದಲೋ ತಂದ ಆಕ್ಟಿವೇಟರ್ (ಪರವಾನಗಿ ಇದೆಯೆಂದು ವಿಂಡೋಸನ್ನು ನಂಬಿಸುವ ಕಳ್ಳ ತಂತ್ರಾಂಶ) ಹಾಕಿದರೆ ಭದ್ರತೆಗಾಗಿ ಓಎಸ್ ಬದಲಿಸಿದ ಉದ್ದೇಶವೇ ಮಣ್ಣುಪಾಲು. ಇನ್ನು ಹೊಸ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11ನ್ನು ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕುವವರು, ಬಿಟ್‌ಲಾಕರ್ ಎಂಬ ಡಿಸ್ಕ್ ಗೂಢಲಿಪೀಕರಣ (ಕೀಲಿಯಿಲ್ಲದೆ ಡಿಸ್ಕನ್ನು ಓದಲಾಗದಂತೆ ಮಾಡುವುದು) ತಾನಾಗಿಯೇ ಚಾಲೂ ಆಗಿರಬಹುದು ಎಂಬುದನ್ನು ಮರೆಯಬಾರದು. ಕಂಪ್ಯೂಟರ್ ಚಾಲೂ ಆಗುವಾಗಿನ ಭದ್ರತಾ ಪರೀಕ್ಷೆಯಾದ ಸೆಕ್ಯೂರ್ ಬೂಟನ್ನು ಬದಲಿಸಿದೊಡನೆ ಅದು 48 ಅಂಕಿಗಳ ಬಿಟ್‌ಲಾಕರ್ ಕೀಲಿಯನ್ನು ಕೇಳಬಹುದು. ಆ ಕೀಲಿ ಸಾಮಾನ್ಯವಾಗಿ ಲ್ಯಾಪ್‌ಟಾಪ್ ಮೊದಲು ಚಾಲೂ ಮಾಡಿದಾಗ ಬಳಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಅಂಗಡಿಯವರು ತಮ್ಮದೇ ಯಾವುದೋ ಖಾತೆ ಹಾಕಿ ಕೊಟ್ಟಿದ್ದರೆ ನಿಮ್ಮ ಕಡತಗಳ ಬೀಗದ ಕೈ ಅವರ ಬಳಿ ಇದ್ದಂತೆ.

ಹಾಗಾಗಿ ಯಾರ ಮಾತು ಕೇಳಿ ಯಾವುದನ್ನೇ ಹಾಕಿಸುವುದಿದ್ದರೂ, ಕಡತಗಳ ಪ್ರತಿಯನ್ನು ಇನ್ನೊಂದು ಡಿಸ್ಕಿಗೆ ತೆಗೆದು, ಆ ಡಿಸ್ಕನ್ನು ಕಂಪ್ಯೂಟರಿನಿಂದ ಕಳಚಿ, ಬೇರೊಂದು ಕಂಪ್ಯೂಟರಿನಲ್ಲಿ ನಾಲ್ಕು ಕಡತಗಳನ್ನು ತೆರೆದು ನೋಡಿದ ಮೇಲೆಯೇ ಅಂಗಡಿಯವರನ್ನು ಕರೆಯಿರಿ. ಫಾಂಟುಗಳ ಫೋಲ್ಡರನ್ನು ಮರೆಯಬೇಡಿ. ತಂತ್ರಾಂಶಗಳ ಮೂಲ ಸಿಡಿ, ಕ್ರಮಸಂಖ್ಯೆ, ಡಾಂಗಲ್ (ತಂತ್ರಾಂಶ ಓಡಲು ಕಂಪ್ಯೂಟರಿಗೆ ಚುಚ್ಚಬೇಕಾದ ಪರವಾನಗಿಯ ಸಾಧನ) ಇದ್ದರೆ ಅದು, ಎಲ್ಲ ಕೈಗೆ ಸಿಗುವಂತಿರಲಿ. ಲಿನಕ್ಸನ್ನು ಡಿಸ್ಕಿಗೆ ಹಾಕದೆ ಪೆನ್ ಡ್ರೈವಿನಿಂದಲೇ ಓಡಿಸಿ ನೋಡುವ ಅನುಕೂಲವಿದೆ. ಹಾಗೆ ಓಡಿಸಿ, ನಿಮ್ಮ ಪ್ರಿಂಟರಿನಿಂದ ಒಂದು ಹಾಳೆ ತೆಗೆಯಿರಿ, ಸ್ಕ್ಯಾನರ್ ಓಡುತ್ತದೆಯೇ ನೋಡಿ, ಟೆಂಡರಿಗೆ ಸಹಿ ಹಾಕುವ ಡಿಜಿಟಲ್ ಸಹಿಯ ಟೋಕನ್ ಇದ್ದರೆ ಅದನ್ನೂ ಚುಚ್ಚಿ ನೋಡಿ. ಲೆಕ್ಕಪತ್ರಕ್ಕೆ ಟ್ಯಾಲಿ ಬಳಸುವವರು ಅದು ವಿಂಡೋಸ್ ತಂತ್ರಾಂಶ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮನೆಯಲ್ಲಿ ಜಾಲತಾಣ ನೋಡುವುದಕ್ಕೆ, ಮಕ್ಕಳ ಓದಿಗೆ, ಯೂನಿಕೋಡಿನಲ್ಲಿ ಬರೆಯುವುದಕ್ಕೆ ಮಾತ್ರ ಕಂಪ್ಯೂಟರ್ ಬಳಸುವವರಿಗೆ ಲಿನಕ್ಸ್ ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿಯೂ ಒಂದು ಕಂಪ್ಯೂಟರಿನಲ್ಲಿ ಅದನ್ನೇ ಉಳಿಸಿಕೊಂಡು ಗಿರಾಕಿಗಳ ಇಮೇಲು, ಪಿಡಿಎಫ್ ಕೆಲಸವನ್ನೆಲ್ಲ ಅದರಲ್ಲೇ ಮಾಡುತ್ತಿದ್ದೇವೆ. ಪೇಜ್‌ಮೇಕರ್ ಇರುವ ವಿಂಡೋಸ್ 10 ಕಂಪ್ಯೂಟರಿಗೆ ಇಂಟರ್‌ನೆಟ್ ತಂತಿಯನ್ನೇ ತೆಗೆದಿದ್ದೇವೆ.

ಇಂಟರ್‌ನೆಟ್ ಬೇಕೇ ಬೇಕು, ಹೊಸದು ಕೊಳ್ಳಲು ಈಗ ಕೈಯಲ್ಲಿ ಹಣವಿಲ್ಲ ಎನ್ನುವವರಿಗೂ ಅವಸರದ ಕಾರಣವಿಲ್ಲ. ವೈಯಕ್ತಿಕ ಬಳಕೆಯ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯುವ ಯೋಜನೆಯನ್ನು ಮೈಕ್ರೋಸಾಫ್ಟ್ ಇಟ್ಟಿದೆ. ಕಂಪ್ಯೂಟರ್ ವಿಂಡೋಸ್ 10ರ ಕೊನೆಯದಾದ 22ಎಚ್2 ಆವೃತ್ತಿಯಲ್ಲಿರಬೇಕು, ಮೈಕ್ರೋಸಾಫ್ಟ್ ಖಾತೆ ಇರಬೇಕು. ಸೆಟ್ಟಿಂಗ್‌ಗಳನ್ನು ಆ ಖಾತೆಗೆ ಬ್ಯಾಕಪ್ ಮಾಡಲು ಒಪ್ಪಿದರೆ ಹಣ ಕೊಡಬೇಕಾಗಿಲ್ಲ. ವಿಂಡೋಸ್ ಅಪ್‌ಡೇಟ್ ಪುಟದಲ್ಲಿಯೇ ಅದಕ್ಕೆ ಸೇರುವ ಕೊಂಡಿ ಕಾಣುತ್ತದೆ. ನಮ್ಮ ಮೇಜಿನ ಮುಂದೆ ವಾದಿಸಿದ ಮೂವರಲ್ಲಿ ಯಾರೂ ಇದನ್ನು ಹೇಳಿರಲಿಲ್ಲ.